ಮೂರು ಅಂತಲೇ ಬರೆ

ಕಜಾನ್. ಫೆಬ್ರವರಿ.
ವೋಲ್ಗಾದ ಮೇಲೆ ಲಾರಿ ಓಡುವಷ್ಟು ಗಟ್ಟಿ ಹಿಮ.
ಹಕ್ಕಿ ಸಂತೆಯ ಮುದುಕ ಒದ್ದೆ ಕಾಗದದಲ್ಲಿ ಕಟ್ಟಿಕೊಟ್ಟ ಕೆಂಪು ಹುಳುಗಳನ್ನು
ಕೋಟಿನ ಒಳಜೇಬಿನಲ್ಲಿ ಎದೆಗೊತ್ತಿ ತರುತ್ತೇನೆ.
ಹೆಪ್ಪುಗಟ್ಟಿದರೆ ನಮ್ಮವು ಮೂಸುವುದಿಲ್ಲ.

ನಮ್ಮವು ಅಂದರೆ ನೀರಹಲ್ಲಿಗಳು.
ಕಡತದಲ್ಲಿ ಆಕ್ಸೊಲಾಟಲ್. ನನ್ನ ನಾಲಗೆಯಲ್ಲಿ ಆ ಹೆಸರು ಕೂರುವುದಿಲ್ಲ.
ಕೆನ್ನೆಯ ಪಕ್ಕ ಕುಚ್ಚು, ಮುಖದ ಮೇಲೆ ಸದಾ
ಏನೋ ಕದ್ದು ತಿಂದ ನಗು.
ಕಾಲು ಕತ್ತರಿಸಿದರೂ ಅದೇ ನಗು.
ಆರೇಳು ವಾರಕ್ಕೆ ಹೊಸ ಕಾಲು,
ಮೊದಲು ಮೊಗ್ಗು, ಆಮೇಲೆ ಪುಟ್ಟ ಹುಟ್ಟು, ಆಮೇಲೆ ಬೆರಳು.
ಮೊದಲ ಸಲ ಕಂಡಾಗ
ನನ್ನಜ್ಜಿ ಕಲಿಸಿದ ಪ್ರಾರ್ಥನೆ ಬಾಯಿಗೆ ಬಂತು, ನುಂಗಿಕೊಂಡೆ.
ಇಲ್ಲಿ ಅದನ್ನೆಲ್ಲ ಗಟ್ಟಿಯಾಗಿ ಹೇಳುವಂತಿಲ್ಲ.

ವೇರಾ ಅರ್ಕಾದ್ಯೆವ್ನಾ ಕಪ್ಪು ಮರಿಯೊಂದನ್ನು ಆರಿಸಿದರು, ನಲವತ್ತೊಂದು.
ಮತ್ತು ಬರುವಂತೆ ಮಾಡಿ ಮಲಗಿಸಿ
ಮೈಮೇಲೆಲ್ಲ ಸೀಸದ ಹಾಳೆ ಹೊದಿಸಿದರು.
ಹಾಳೆಯಲ್ಲೊಂದು ತೂತು. ತೂತಿನಿಂದಾಚೆ ಎಡಗೈ ಒಂದೇ,
ಬಾಗಿಲ ಸಂದಿಯಿಂದ ಸಕ್ಕರೆ ಬೇಡುವ ಮಗುವಿನ ಕೈಯಂತೆ.
ಯಂತ್ರ ಗುಂಯ್ ಎಂದಿತು. ಅಷ್ಟೇ.
ಬೆಳಕಿಲ್ಲ, ವಾಸನೆಯಿಲ್ಲ, ಸುಟ್ಟ ಗುರುತಿಲ್ಲ.
ತಿಂಗಳುಗಟ್ಟಲೆ ಬಿಟ್ಟಿದ್ದರೂ ಆ ಕೈ ಈಜುತ್ತಲೇ ಇರುತ್ತಿತ್ತು.
ಕೇಳಿದರೆ ತಾನೇ ಗೊತ್ತಾಗುವುದು, ಕೊಡಲು ಏನೂ ಉಳಿದಿಲ್ಲ ಎಂದು.

ಎರಡೂ ಕೈ ಕತ್ತರಿಸಿದರು.
ಬಲಗೈ ಮೊಗ್ಗೊಡೆಯಿತು.
ಎಡಗೈಯ ತುದಿಗೆ ಚರ್ಮ ಬಂದು
ಅಡಕೆ ಚೀಲದ ದಾರ ಎಳೆದಂತೆ ಬಾಯಿ ಮುಚ್ಚಿಕೊಂಡಿತು.
ಗಾಯ ಮಾಯಿತು; ಕೈಯೂ ಮಾಯ.
ಮಾಯುವುದು ಬೇರೆ, ಬೆಳೆಯುವುದು ಬೇರೆ
ಅಂತ ನನಗೆ ಯಾರೂ ಹೇಳಿರಲಿಲ್ಲ.
ಯುದ್ಧ ಮುಗಿದು ಹನ್ನೊಂದು ವರ್ಷ, ಎಲ್ಲರೂ
ಮಾಯ್ದವರೇ ಓಡಾಡುತ್ತಿದ್ದೆವು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ.
ವೇರಾಗೆ ಕೈಗವಸು ಬೇಕಿತ್ತು, ಬಿಳಿ ಹತ್ತಿಯದು, ಬೇಸಿಗೆಯಲ್ಲೂ.
ಆಸ್ಪತ್ರೆ ರೈಲಿನಲ್ಲಿ ನಾಲ್ಕು ವರ್ಷ
ಸೈನಿಕರ ಮೈಯೊಳಗಿನ ಚೂರು ಹುಡುಕಲು
ಇದೇ ಕಿರಣದ ಕೆಳಗೆ ಕೈಯಿಟ್ಟಿದ್ದವರು.
ಉಗುರುಗಳು ಒಣ ತೊಗಟೆ. ನಡುಬೆರಳಲ್ಲಿ ಆರದ ಹುಣ್ಣು.
ನೀರು ಬದಲಿಸುವಾಗ ನಾನು ನೋಡದಂತೆ ನೋಡುತ್ತಿದ್ದೆ.
ಅವರು ನಲವತ್ತೊಂದನ್ನು ನೋಡುತ್ತಿದ್ದರು.

ವಸಂತದಲ್ಲಿ ಹಿಮ ಬಿರಿಯುವ ಸದ್ದಿನ ನಡುವೆ
ಬಿಳಿ ಮರಿಯೊಂದರ ಚರ್ಮ ತೆಗೆದು,
ಕಿರಣ ಕಾಣದ ಚರ್ಮ, ಪಾವಲಿಯಗಲ ಕೂಡ ಇಲ್ಲ,
ಎಡಗೈಯ ಮೊಂಡಿಗೆ ಬಳೆಯಂತೆ ತೊಡಿಸಿ ಹೊಲಿದರು.
ಅದು ಹತ್ತಿಕೊಂಡ ಮೇಲೆ ಅದರ ನಡುವೆಯೇ ಮತ್ತೆ ಕತ್ತರಿಸಿದರು.
ನನಗೆ ಸಿಟ್ಟು ಬಂತು. ಎಷ್ಟು ಸಲ?

ಐದನೇ ವಾರ ಹುಳು ಹಾಕಲು ಬಗ್ಗಿದವಳು
ಬಟ್ಟಲು ಕೈಬಿಟ್ಟೆ.
ಕಪ್ಪು ಮೈ. ಎಡಕ್ಕೆ ಬಿಳಿ ಮೊಗ್ಗು.
ಸಾಲ ತಂದ ಚರ್ಮ ಬಡ್ಡಿ ಸಮೇತ ಬೆಳೆಯುತ್ತಿತ್ತು,
ಕಪ್ಪು ಕುದುರೆಯ ಕಾಲಿಗೆ ಹಿಮ ಮೆತ್ತಿದಂತೆ.
ಬೆರಳು ಮೂರು. ಇರಬೇಕಾದದ್ದು ನಾಲ್ಕು.

ಮಾಸ್ಕೋದವರು ನೋಡಲು ಬರುವವರಿದ್ದರು.
ದಾಖಲೆ ಬರೆಯುವ ಕೆಲಸ ಅಂದು ನನ್ನದು,
ವೇರಾಗೆ ಪೆನ್ನು ಹಿಡಿಯಲಾಗುತ್ತಿರಲಿಲ್ಲ.
ನಾಲ್ಕನೆಯದು ಬರುತ್ತಿರಬಹುದು, ಅಂದೆ,
ಬುಡದಲ್ಲೊಂದು ಉಬ್ಬಿದೆಯಲ್ಲ.
ಉಬ್ಬು ಉಬ್ಬೇ, ಅಂದರು.
ಮೂರು ಅಂತಲೇ ಬರೆ, ಮಿನ್ಜಿಫಾ. ಚೆಂದ ಮಾಡಬೇಡ.

ಮುಂದಿನ ವಾರ ಅವರದೂ ಆಪರೇಷನ್.
ತೊಡೆಯ ಚರ್ಮ ತೆಗೆದು ಹೊಲಿದರಂತೆ.
ಹತ್ತಿಕೊಂಡಿತಂತೆ. ಮಾಯಿತಂತೆ.
ಎಡಗೈಯಲ್ಲಿ ಬರೆದ ಕಾಗದ, ನನ್ನ ಮೊಮ್ಮಗನ ಅಕ್ಷರದ ಹಾಗೆ ವಾಲಿಕೊಂಡು,
ತನ್ನ ಬಗ್ಗೆ ಅಷ್ಟೇ ಇತ್ತು,
ಉಳಿದದ್ದೆಲ್ಲ ನೀರು ಎಷ್ಟು ತಣ್ಣಗಿದೆ, ನಲವತ್ತೊಂದು ತಿನ್ನುತ್ತಿದೆಯೇ.

ತಿನ್ನುತ್ತಿದೆ.
ಹುಳುವಿನ ದರ ಎರಡು ಕೊಪೆಕ್ ಏರಿದೆ.